ಬೆಳ್ಳಿ ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ: ಲೆಕ್ಕ ನೀವೇ ಹಾಕಿ ನೋಡುವ ಬಗೆ

ಬೆಳ್ಳಿ ರೇಟು ಏರಿದಾಗಲೆಲ್ಲ ಎರಡು ಮಾತು ಜೋರಾಗಿ ಕೇಳಿಬರುತ್ತವೆ. ಸೋಲಾರ್‌ಗೆ, ಎಲೆಕ್ಟ್ರಿಕ್ ಕಾರಿಗೆ ಬೆಳ್ಳಿ ಇಲ್ಲದೆ ನಡೆಯೋದೇ ಇಲ್ಲ ಅನ್ನೋದು ಒಂದು. ಗಣಿಗಳಲ್ಲಿ ಬೆಳ್ಳಿ ಮುಗಿಯುತ್ತಾ ಬಂತು ಅನ್ನೋದು ಇನ್ನೊಂದು. ಮೊದಲನೆಯದರಲ್ಲಿ ನಿಜ ಇದೆ, ಆದರೆ ಎಷ್ಟು ಗ್ರಾಂ ಅಂತ ಯಾರೂ ಬಾಯಿ ಬಿಡುವುದಿಲ್ಲ. ಎರಡನೆಯದು ವಿಷಯದ ಬಾಲ ಹಿಡಿದು ತಲೆ ಅನ್ನುತ್ತಿದೆ. ನೆಲದಡಿ ಬೆಳ್ಳಿ ಇದೆಯೋ ಇಲ್ಲವೋ ಅನ್ನುವುದಕ್ಕಿಂತ, ಅದನ್ನು ಹೊರಗೆ ತೆಗೆಯುವ ತೀರ್ಮಾನ ಯಾರ ಕೈಯಲ್ಲಿದೆ ಅನ್ನುವುದು ಮುಖ್ಯ. ಹೆಚ್ಚಿನ ಸಲ ಆ ತೀರ್ಮಾನ ತೆಗೆದುಕೊಳ್ಳುವವರು ಬೆಳ್ಳಿಯ ಮುಖ ಕೂಡ ನೋಡುವುದಿಲ್ಲ.

ಕೊಳ್ಳಬೇಕೋ ಮಾರಬೇಕೋ ಅಂತ ಇಲ್ಲಿ ಹೇಳುವುದಿಲ್ಲ. ಬೆಳ್ಳಿ ಬಗ್ಗೆ ಒಂದು ಸುದ್ದಿ ಕಣ್ಣಿಗೆ ಬಿದ್ದರೆ ಅದನ್ನು ಹೇಗೆ ತೂಗಿ ನೋಡಬೇಕು, ಅಷ್ಟೇ. ಕ್ಯಾಲ್ಕುಲೇಟರ್ ಒಂದಿದ್ದರೆ ಸಾಕು.

1. ಮೊದಲು ಔನ್ಸ್ ಸರಿ ಮಾಡಿಕೊಳ್ಳಿ

ಬೆಳ್ಳಿಯ ವ್ಯವಹಾರ ನಡೆಯುವುದು ಟ್ರಾಯ್ ಔನ್ಸ್‌ನಲ್ಲಿ. ಒಂದು ಟ್ರಾಯ್ ಔನ್ಸ್ ಅಂದರೆ 31.1 ಗ್ರಾಂ. ಮಾಮೂಲಿ ತೂಕದ ಔನ್ಸ್ 28.35 ಗ್ರಾಂ. ಎರಡನ್ನೂ ಕಲಸಿದರೆ ಲೆಕ್ಕ ಶೇ. 10ರಷ್ಟು ಹಾಳು. ಒಂದು ಕಿಲೋಗೆ 32.15 ಔನ್ಸ್, ಒಂದು ಟನ್‌ಗೆ 32,150 ಔನ್ಸ್. ಗಣಿ ಕಂಪನಿಗಳು ಮಿಲಿಯನ್ ಔನ್ಸ್‌ನಲ್ಲಿ ಮಾತಾಡುತ್ತವೆ, ಸರ್ಕಾರಿ ವರದಿಗಳು ಟನ್‌ನಲ್ಲಿ. 10 ಲಕ್ಷ ಔನ್ಸ್ ಅಂದರೆ ಸುಮಾರು 31 ಟನ್ ಅಂತ ತಲೆಯಲ್ಲಿ ಇಟ್ಟುಕೊಂಡರೆ ಎರಡೂ ಕಡೆ ಓಡಾಡಬಹುದು.

ಜೊತೆಗೆ ನಾಲ್ಕು ಅಂಕಿ ಬರೆದಿಟ್ಟುಕೊಳ್ಳಿ. ಇವು 2024ರವು, ಬೆಳ್ಳಿ ಉದ್ಯಮದ ಸಂಘವಾದ ಸಿಲ್ವರ್ ಇನ್‌ಸ್ಟಿಟ್ಯೂಟ್ ಪ್ರತಿ ವರ್ಷ ಹೊರಡಿಸುವ ಸಮೀಕ್ಷೆಯಲ್ಲಿ ಬಂದವು. ಗಣಿಗಳಿಂದ ಬಂದದ್ದು ಸುಮಾರು 82 ಕೋಟಿ ಔನ್ಸ್, ಅಂದರೆ 25,500 ಟನ್. ಹಳೆಯದನ್ನು ಕರಗಿಸಿ ವಾಪಸ್ ಬಂದದ್ದು ಸುಮಾರು 19 ಕೋಟಿ ಔನ್ಸ್. ಒಟ್ಟು ಬೇಡಿಕೆ ಸುಮಾರು 116 ಕೋಟಿ. ಅದರಲ್ಲಿ ಕಾರ್ಖಾನೆಗಳ ಪಾಲು ಸುಮಾರು 68 ಕೋಟಿ, ಅರ್ಧಕ್ಕಿಂತ ಜಾಸ್ತಿ. ಯಾವುದೇ ದೊಡ್ಡ ಸುದ್ದಿ ಬಂದರೂ ಈ 25,500 ಟನ್ ಪಕ್ಕದಲ್ಲಿ ಇಟ್ಟು ನೋಡಿ. ಸುದ್ದಿಯ ಅರ್ಧ ಗಾಳಿ ಅಲ್ಲೇ ಇಳಿಯುತ್ತದೆ.

2. ಬೆಳ್ಳಿಯ ಯಾವ ಗುಣ ಬೇಕಾಗಿದೆ ಅಂತ ಕೇಳಿ

ವಿದ್ಯುತ್ ಹರಿಸುವುದರಲ್ಲಿ ಬೆಳ್ಳಿಯನ್ನು ಮೀರಿಸಿದ ಲೋಹ ಇಲ್ಲ. ಶಾಖ ಸಾಗಿಸುವುದರಲ್ಲೂ ಅದೇ ಮೊದಲು. ಆದರೆ ತಾಮ್ರಕ್ಕಿಂತ ಎಷ್ಟು ಮುಂದೆ? ವಿದ್ಯುತ್ತಿನಲ್ಲಿ ಬರೀ ಶೇ. 6ರಷ್ಟು. ಇಷ್ಟು ಸಣ್ಣ ಲಾಭಕ್ಕೆ ಯಾರೂ ಬೆಳ್ಳಿ ತಂತಿ ಎಳೆಯುವುದಿಲ್ಲ. ಹಾಗಾದರೆ ಕಾರ್ಖಾನೆಗಳು ಯಾಕೆ ಇಷ್ಟೊಂದು ಬೆಳ್ಳಿ ಕೊಳ್ಳುತ್ತವೆ?

ಒಂದು ಸಣ್ಣ ರಿಲೇ, ಅಂದರೆ ಕರೆಂಟಿನಿಂದಲೇ ಆನ್-ಆಫ್ ಆಗುವ ಸ್ವಿಚ್ಚು, ಬಿಚ್ಚಿ ನೋಡಿ. ತೆಳುವಾದ ತಾಮ್ರದ ಪಟ್ಟಿಯ ತುದಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಬಿಳಿ ಗುಂಡಿ ಕೂತಿರುತ್ತದೆ, ಎದುರಿಗೆ ಅಂಥದ್ದೇ ಇನ್ನೊಂದು. 'ಟಿಕ್' ಅಂದಾಗ ಎರಡೂ ಕೂಡುತ್ತವೆ, ಬಿಡುವಾಗ ನಡುವೆ ಚಿಕ್ಕ ಕಿಡಿ ಹಾರುತ್ತದೆ. ಆ ಗುಂಡಿ ಬರೀ ತಾಮ್ರದ್ದಾಗಿದ್ದರೆ ಕಿಡಿಯ ಬಿಸಿಗೆ ಮೇಲೆ ಆಕ್ಸೈಡ್ ಪದರ ಕಟ್ಟುತ್ತದೆ, ಅದರಲ್ಲಿ ಕರೆಂಟು ಸರಿಯಾಗಿ ಹರಿಯುವುದಿಲ್ಲ, ಸಂದು ಇನ್ನೂ ಬಿಸಿಯಾಗುತ್ತದೆ, ಕೊನೆಗೆ ಸುಟ್ಟುಹೋಗುತ್ತದೆ. ಬೆಳ್ಳಿಯ ಆಕ್ಸೈಡ್ ಆ ಬಿಸಿಗೆ ನಿಲ್ಲದೆ ಒಡೆದು ಮತ್ತೆ ಬೆಳ್ಳಿಯಾಗುತ್ತದೆ. ಬರೀ ಬೆಳ್ಳಿ ಮೆತ್ತಗೆ, ಕಿಡಿಗೆ ಅಂಟಿಕೊಳ್ಳಬಹುದು. ಅದಕ್ಕೇ ಅದಕ್ಕೆ ತವರದ ಆಕ್ಸೈಡನ್ನೋ ನಿಕ್ಕಲನ್ನೋ ಬೆರೆಸುತ್ತಾರೆ. ಅಂದರೆ ಇಲ್ಲಿ ಬೆಳ್ಳಿ ಬೇಕಾಗಿರುವುದು ಆ ಶೇ. 6ಕ್ಕಲ್ಲ, ಲಕ್ಷಾಂತರ ಸಲ ಕೂಡಿ ಬಿಟ್ಟರೂ ಮುಖ ಕೆಡದೆ ಉಳಿಯುವುದಕ್ಕೆ.

ಬೇರೆ ಕಡೆ ಬೇರೆ ಕಾರಣ. ಫ್ರಿಜ್, ಎಸಿ ಪೈಪುಗಳ ಬೆಸುಗೆಯಲ್ಲಿ ಬೆಳ್ಳಿ ಇದ್ದರೆ ಕಡಿಮೆ ಬಿಸಿಗೆ ಕರಗಿ ಸಂದಿನೊಳಗೆ ಚೆನ್ನಾಗಿ ಓಡುತ್ತದೆ. ಎಲೆಕ್ಟ್ರಾನಿಕ್ಸ್‌ನಲ್ಲಿ 2006ರಿಂದ ಯುರೋಪ್ ಸೀಸಕ್ಕೆ ಕಡಿವಾಣ ಹಾಕಿದ ಮೇಲೆ ತವರದ ಜೊತೆ ಶೇ. 3ರಷ್ಟು ಬೆಳ್ಳಿ, ಒಂಚೂರು ತಾಮ್ರ ಸೇರಿಸಿದ ಬೆಸುಗೆ ಎಲ್ಲೆಡೆ ಬಂತು. ಎಥಿಲೀನ್ ಆಕ್ಸೈಡ್ ಅನ್ನುವ ರಾಸಾಯನಿಕ ತಯಾರಿಸುವ ಕಾರ್ಖಾನೆಯಲ್ಲಿ ಬೆಳ್ಳಿ ವೇಗವರ್ಧಕ. ಪಾಲಿಯೆಸ್ಟರ್ ಬಟ್ಟೆಯ ಹಿಂದೆ ಅದೇ ಎಥಿಲೀನ್ ಆಕ್ಸೈಡ್ ಇದೆ, ಆದರೆ ಬಟ್ಟೆಯಲ್ಲಿ ಬೆಳ್ಳಿ ಇರುವುದಿಲ್ಲ. ಸುಟ್ಟ ಗಾಯಕ್ಕೆ ಹಚ್ಚುವ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮಿನಲ್ಲಿ ಸೂಕ್ಷ್ಮಾಣುಗಳನ್ನು ಕೊಲ್ಲುವ ಗುಣ ಕೆಲಸಕ್ಕೆ ಬರುತ್ತದೆ.

ಈ ಪ್ರಶ್ನೆ ಯಾಕೆ ಮುಖ್ಯ ಅಂದರೆ, ಬರೀ ಕರೆಂಟು ಹರಿಸುವುದಕ್ಕೆ ಬೆಳ್ಳಿ ಹಾಕಿದ್ದರೆ ರೇಟು ಏರಿದ ದಿನ ತಾಮ್ರ ಆ ಜಾಗಕ್ಕೆ ಕಣ್ಣು ಹಾಕುತ್ತದೆ. ಬೇರೆ ಗುಣವೂ ಬೇಕಿದ್ದರೆ ಬೆಳ್ಳಿಯನ್ನು ಕದಲಿಸುವುದು ಕಷ್ಟ.

3. ಒಂದಕ್ಕೆ ಎಷ್ಟು ಗ್ರಾಂ, ಅಂಥವು ಎಷ್ಟು

ಸೋಲಾರ್ ಸೆಲ್ ಹತ್ತಿರದಿಂದ ನೋಡಿದರೆ ಮೇಲೆ ಸಣ್ಣ ಸಣ್ಣ ಗೆರೆಗಳು ಕಾಣುತ್ತವೆ, ಕೂದಲಿಗಿಂತ ತೆಳು. ಅವೇ ಬೆಳ್ಳಿ. ಬೆಳ್ಳಿ ಪುಡಿ, ಗಾಜಿನ ಪುಡಿ, ಅಂಟುವ ದ್ರಾವಣ ಕಲಸಿದ ಪೇಸ್ಟನ್ನು ಪರದೆಯ ಮೂಲಕ ಸೆಲ್ ಮೇಲೆ ಅಚ್ಚು ಹಾಕುತ್ತಾರೆ. ಆಮೇಲೆ 700 ಡಿಗ್ರಿಗೂ ಮೇಲಿನ ಬಿಸಿಯಲ್ಲಿ ಕೆಲವೇ ಕ್ಷಣ ಹಾಯಿಸುತ್ತಾರೆ. ಆಗ ಗಾಜು ಕರಗಿ ಮೇಲಿನ ರಕ್ಷಣೆಯ ಪದರವನ್ನು ತಿಂದುಕೊಂಡು ಕೆಳಗಿಳಿಯುತ್ತದೆ, ಬೆಳ್ಳಿ ಹೋಗಿ ಸಿಲಿಕಾನಿಗೆ ಅಂಟುತ್ತದೆ. ಇಷ್ಟೆಲ್ಲಾ ಒಂದೇ ಏಟಿಗೆ ಗಾಳಿಯಲ್ಲೇ ಆಗಬೇಕು. ತಾಮ್ರ ಆ ಬಿಸಿಗೆ ಗಾಳಿಯಲ್ಲಿ ಕಪ್ಪಾಗುತ್ತದೆ, ಮೇಲಾಗಿ ಸಿಲಿಕಾನಿನೊಳಗೆ ನುಗ್ಗಿ ಸೆಲ್ಲನ್ನೇ ಕೆಡಿಸುತ್ತದೆ.

ಈಗ ಲೆಕ್ಕ. ಒಂದು ವ್ಯಾಟ್‌ಗೆ ಅಂದಾಜು 10 ಮಿಲಿಗ್ರಾಂ ಅಂತ ಇಟ್ಟುಕೊಳ್ಳಿ. 400 ವ್ಯಾಟ್ ಪ್ಯಾನೆಲ್‌ಗೆ 4 ಗ್ರಾಂ. ಒಂದು ಗಿಗಾವ್ಯಾಟ್‌ಗೆ, ಅಂದರೆ 100 ಕೋಟಿ ವ್ಯಾಟ್‌ಗೆ, 10 ಟನ್. 2024ರಲ್ಲಿ ಲೋಕದಲ್ಲೆಲ್ಲ ಹಾಕಿದ ಸೋಲಾರ್ ಸುಮಾರು 600 ಗಿಗಾವ್ಯಾಟ್. ಗುಣಿಸಿದರೆ 6,000 ಟನ್, ಅಂದರೆ 19 ಕೋಟಿ ಔನ್ಸ್ ಚಿಲ್ಲರೆ. ಸಮೀಕ್ಷೆ ಆ ವರ್ಷ ಸೋಲಾರ್‌ಗೆ ಹೇಳಿದ ಅಂಕಿ 20 ಕೋಟಿಯ ಹತ್ತಿರ. ನೋಡಿ, ಒಂದು ಗುಣಾಕಾರದಲ್ಲಿ ಅಲ್ಲಿಗೆ ಮುಟ್ಟಿದೆವು.

ಈ 10 ಮಿಲಿಗ್ರಾಂ ನಿಂತ ನೀರಲ್ಲ. ಹಳೆ ಸೆಲ್‌ಗಳಿಗೆ ಇದರ ಹಲವು ಪಟ್ಟು ಬೇಕಿತ್ತು. ಗೆರೆ ತೆಳುವಾದ ಹಾಗೆ ಬಳಕೆ ಇಳಿಯಿತು. ಆಮೇಲೆ ಟಾಪ್‌ಕಾನ್ ಅನ್ನುವ ಹೊಸ ಬಗೆಯ ಸೆಲ್ ಬಂತು, ಅದಕ್ಕೆ ಎರಡೂ ಮಗ್ಗುಲಿಗೆ ಬೆಳ್ಳಿ ಬೇಕು, ಹಾಗಾಗಿ ಮತ್ತೆ ಸ್ವಲ್ಪ ಏರಿತು. ಆದ್ದರಿಂದ 'ಸೋಲಾರ್ ಎರಡು ಪಟ್ಟಾಗುತ್ತದೆ, ಬೆಳ್ಳಿಯೂ ಎರಡು ಪಟ್ಟು ಬೇಕು' ಅಂತ ಯಾರಾದರೂ ಬರೆದರೆ ಪ್ಯಾನೆಲ್ ಎಣಿಸಿದ್ದಾರೆ, ಗ್ರಾಂ ಎಣಿಸಿಲ್ಲ ಅಂತಲೇ ಅರ್ಥ.

4. ಹೋದ ಬೆಳ್ಳಿ ವಾಪಸ್ ಬರುತ್ತಾ?

ಎಲ್ಲ ಬಳಕೆಯೂ ಒಂದೇ ಅಲ್ಲ. ಎಥಿಲೀನ್ ಆಕ್ಸೈಡ್ ಕಾರ್ಖಾನೆಯ ವೇಗವರ್ಧಕ ಕೆಲ ವರ್ಷ ದುಡಿದ ಮೇಲೆ ಶುದ್ಧಿ ಘಟಕಕ್ಕೆ ಹೋಗುತ್ತದೆ, ಬೆಳ್ಳಿ ಹೆಚ್ಚುಕಡಿಮೆ ಪೂರ್ತಿ ಕೈಗೆ ಬರುತ್ತದೆ. ಹೊಸ ಕಾರ್ಖಾನೆ ಕಟ್ಟಿದಾಗ ಮಾತ್ರ ಅಲ್ಲಿ ದೊಡ್ಡ ಖರೀದಿ. ಫೋನಿನ ಬೋರ್ಡಿನಲ್ಲಿ ಹರಡಿಹೋದ ಮಿಲಿಗ್ರಾಂಗಳ ಕತೆ ಬೇರೆ, ಅದರಲ್ಲಿರುವ ಚಿನ್ನಕ್ಕಾಗಿ ಯಾರಾದರೂ ಕರಗಿಸಿದರೆ ಬೆಳ್ಳಿಯೂ ಜೊತೆಗೆ ಸಿಗುತ್ತದೆ, ಇಲ್ಲದಿದ್ದರೆ ಕಸದ ಗುಡ್ಡೆ ಸೇರುತ್ತದೆ. ಸೋಲಾರ್ ಪ್ಯಾನೆಲ್‌ನ ಬೆಳ್ಳಿ ಕಳೆದುಹೋಗಿಲ್ಲ, ಆದರೆ 25–30 ವರ್ಷ ಸೂರಿನ ಮೇಲೆ ಕೂತಿರುತ್ತದೆ.

ವಾಪಸ್ ಬರುವ ಬಳಕೆಗೆ ಇದಕ್ಕಿಂತ ದೊಡ್ಡ ಉದಾಹರಣೆ ನನಗಂತೂ ಗೊತ್ತಿಲ್ಲ: ಎರಡನೇ ಮಹಾಯುದ್ಧದಲ್ಲಿ ಅಣುಬಾಂಬಿನ ಯುರೇನಿಯಂ ಬೇರ್ಪಡಿಸಲು ಅಮೆರಿಕದ ಓಕ್ ರಿಜ್‌ನಲ್ಲಿ ಭಾರೀ ಗಾತ್ರದ ವಿದ್ಯುತ್ ಕಾಂತಗಳು ಬೇಕಾದವು. ಸುರುಳಿ ಸುತ್ತಲು ತಾಮ್ರ ಇರಲಿಲ್ಲ, ಅದೆಲ್ಲ ಯುದ್ಧಸಾಮಗ್ರಿಗೆ ಹೋಗುತ್ತಿತ್ತು. ಖಜಾನೆಯಲ್ಲಿ ಬೆಳ್ಳಿ ಸುಮ್ನೆ ಬಿದ್ದಿತ್ತು. 1942ರಲ್ಲಿ ಕೇಳಿ, 13,000 ಟನ್‌ಗೂ ಜಾಸ್ತಿ ಬೆಳ್ಳಿಯನ್ನು ಕಡ ತಂದು ಸುರುಳಿ ಸುತ್ತಿದರು. ಈಗಿನ ಲೆಕ್ಕದಲ್ಲಿ ಲೋಕದ ಎಲ್ಲಾ ಗಣಿಗಳ ಆರು ತಿಂಗಳ ದುಡಿಮೆ ಅದು. ಕೊನೆಯ ಕಂತು ಖಜಾನೆಗೆ ಮರಳಿದ್ದು 1970ರಲ್ಲಿ, ಕಳೆದುಹೋದದ್ದು ಲೆಕ್ಕಕ್ಕೇ ಬಾರದಷ್ಟು.

5. ಯಾವ ಲೋಹದ ಬೆನ್ನು ಹತ್ತಿ ಬಂತು?

ಇದು ಇಡೀ ವಿಷಯದ ಗಂಟು, ನಿಧಾನವಾಗಿ ಬಿಡಿಸೋಣ. ಗಣಿಯಿಂದ ಬರುವ ಬೆಳ್ಳಿಯಲ್ಲಿ 'ಬೆಳ್ಳಿ ಗಣಿ' ಅಂತ ಕರೆಸಿಕೊಳ್ಳುವ ಕಡೆಯಿಂದ ಬರುವುದು ನಾಲ್ಕನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಉಳಿದದ್ದು ಸೀಸ-ಸತುವಿನ ಗಣಿ, ತಾಮ್ರದ ಗಣಿ, ಚಿನ್ನದ ಗಣಿಗಳಿಂದ ಬೋನಸ್ಸಿನ ಹಾಗೆ ಬರುತ್ತದೆ. ಪೋಲೆಂಡಿನ ಕೆಜಿಎಚ್‌ಎಂ ತಾಮ್ರದ ಕಂಪನಿ. ಆದರೂ ವರ್ಷಕ್ಕೆ ಸಾವಿರ ಟನ್‌ಗೂ ಜಾಸ್ತಿ ಬೆಳ್ಳಿ ತೆಗೆದು ಲೋಕದ ದೊಡ್ಡ ಬೆಳ್ಳಿ ಉತ್ಪಾದಕರ ಸಾಲಿನಲ್ಲಿ ಮುಂದೆ ನಿಲ್ಲುತ್ತದೆ.

ಇದರ ಪರಿಣಾಮ ಏನು? ಬೆಳ್ಳಿ ರೇಟು ಎರಡು ಪಟ್ಟಾದರೂ ತಾಮ್ರದ ಗಣಿಯವರು ಬೆಳ್ಳಿಗೋಸ್ಕರ ಇನ್ನೊಂದು ಸುರಂಗ ತೋಡುವುದಿಲ್ಲ. ಅವರ ಆದಾಯದಲ್ಲಿ ಬೆಳ್ಳಿಯದು ಸಣ್ಣ ಪಾಲು. ಹಾಗೇ ಬೆಳ್ಳಿ ರೇಟು ಬಿದ್ದರೂ ಅವರು ನಿಲ್ಲಿಸುವುದಿಲ್ಲ. ಬೆಲೆ ಏರಿದರೆ ಮಾಲು ಜಾಸ್ತಿ ಬರುತ್ತದೆ, ಇಳಿದರೆ ಕಡಿಮೆಯಾಗುತ್ತದೆ ಅನ್ನುವ ಮಾಮೂಲಿ ನಂಬಿಕೆ ಇಲ್ಲಿ ಅರೆಬರೆ ಮಾತ್ರ ನಡೆಯುತ್ತದೆ.

2015ರ ಅಕ್ಟೋಬರ್ ನೋಡಿ. ಸತುವಿನ ಬೆಲೆ ನೆಲಕಚ್ಚಿತ್ತು. ಗ್ಲೆನ್‌ಕೋರ್ ಕಂಪನಿ ಆಸ್ಟ್ರೇಲಿಯಾ, ಪೆರು, ಕಜಕಸ್ತಾನಗಳಲ್ಲಿ ವರ್ಷಕ್ಕೆ 5 ಲಕ್ಷ ಟನ್ ಸತು ಉತ್ಪಾದನೆ ಕಡಿತ ಮಾಡುತ್ತೇವೆ ಅಂದಿತು. ಸುದ್ದಿಯೆಲ್ಲ ಸತುವಿನ ಮೇಲೆ. ಆದರೆ ಅದೇ ಅದಿರಿನಲ್ಲಿ ಸೀಸ, ಬೆಳ್ಳಿ ಎರಡೂ ಇದ್ದವು, ಅವುಗಳ ಉತ್ಪಾದನೆಗೂ ಕತ್ತರಿ ಬಿತ್ತು. ಬೆಳ್ಳಿ ಬೇಕು ಅಂತ ಕಾಯುತ್ತಿದ್ದವರನ್ನು ಯಾರೂ ಕೇಳಲಿಲ್ಲ. ಹಾಗಾಗಿ ಬೆಳ್ಳಿ ಎಷ್ಟು ಬರಬಹುದು ಅಂತ ತಿಳಿಯಬೇಕಿದ್ದರೆ ಬೆಳ್ಳಿಯ ಗ್ರಾಫ್ ಮುಚ್ಚಿಟ್ಟು ಸತು, ಸೀಸ, ತಾಮ್ರದ ಸುದ್ದಿ ಓದಿ.

ಇನ್ನೊಂದು ಸಂಗತಿ ಗಮನಿಸಿ. ಕೆಲ ಗಣಿಗಳು ಮುಂದೆ ಸಿಗುವ ಬೆಳ್ಳಿಯನ್ನು ಮೊದಲೇ ಮಾರಿಬಿಟ್ಟಿರುತ್ತವೆ. ಗಣಿ ಕಟ್ಟಲು ದುಡ್ಡು ಬೇಕು, ವೀಟನ್ ಪ್ರೆಷಸ್ ಮೆಟಲ್ಸ್‌ನಂಥ ಕಂಪನಿ ಮುಂಗಡ ಕೊಡುತ್ತದೆ, ಬದಲಿಗೆ ಆ ಗಣಿಯ ಬೆಳ್ಳಿಯ ಒಂದು ಪಾಲು ಮಾರುಕಟ್ಟೆ ದರಕ್ಕಿಂತ ಎಷ್ಟೋ ಕಡಿಮೆಗೆ ಅದಕ್ಕೆ ಸೇರುತ್ತದೆ. ಇಂಥ ಗಣಿಯ ಯಜಮಾನನಿಗೆ ಬೆಳ್ಳಿ ರೇಟು ಏರಿದರೂ ಕೈಗೆ ಬರುವುದು ಅಷ್ಟಕ್ಕಷ್ಟೆ. ಆತ ಉತ್ಸಾಹ ತೋರಿಸಲಿಲ್ಲ ಅಂತ ಆಶ್ಚರ್ಯಪಡಬೇಕಿಲ್ಲ.

6. ಸ್ಮೆಲ್ಟರ್ ಮರೆಯಬೇಡಿ

ಅದಿರು ಅಗೆದ ಕೂಡಲೇ ಬೆಳ್ಳಿ ಸಿಗುವುದಿಲ್ಲ. ಅದಿರನ್ನು ಪುಡಿ ಮಾಡಿ, ನೊರೆಯಲ್ಲಿ ತೇಲಿಸಿ, ಲೋಹ ಜಾಸ್ತಿ ಇರುವ ಪುಡಿಯನ್ನು ಬೇರೆ ಮಾಡುತ್ತಾರೆ. ಆ ಪುಡಿ ಹಡಗು ಹತ್ತಿ ಬೇರೆ ದೇಶದ ಸ್ಮೆಲ್ಟರ್‌ಗೆ, ಅಂದರೆ ಅದನ್ನು ಕರಗಿಸಿ ಲೋಹ ತೆಗೆಯುವ ಕಾರ್ಖಾನೆಗೆ, ಹೋಗುವುದೂ ಉಂಟು. ಬೆಳ್ಳಿ ಅಲ್ಲಿಯವರೆಗೂ ಸೀಸದ ಒಳಗೋ ತಾಮ್ರದ ಒಳಗೋ ಅಡಗಿಕೊಂಡೇ ಇರುತ್ತದೆ.

ಸೀಸದಿಂದ ಅದನ್ನು ಬಿಡಿಸುವ ಉಪಾಯ ಚೆನ್ನಾಗಿದೆ. ಕರಗಿದ ಸೀಸಕ್ಕೆ ಸತು ಹಾಕುತ್ತಾರೆ. ಸೀಸ, ಸತು ಒಂದಕ್ಕೊಂದು ಅಷ್ಟಾಗಿ ಬೆರೆಯುವುದಿಲ್ಲ, ಸತು ಮೇಲೆ ತೇಲುತ್ತದೆ. ಬೆಳ್ಳಿಗೆ ಸೀಸಕ್ಕಿಂತ ಸತುವಿನ ಸಹವಾಸ ಬಹಳ ಇಷ್ಟ, ಎಲ್ಲಾ ಅದರೊಳಗೆ ಸೇರಿಬಿಡುತ್ತದೆ. ಆರುತ್ತಾ ಬಂದ ಹಾಗೆ ಮೇಲೆ ಕಟ್ಟಿದ ಕೆನೆಯನ್ನು ತೆಗೆದು, ಸತುವನ್ನು ಆವಿ ಮಾಡಿ ಹಿಡಿದುಕೊಂಡು, ಉಳಿದದ್ದಕ್ಕೆ ಗಾಳಿ ಊದಿ ಸೀಸವನ್ನು ಸುಟ್ಟು ತೆಗೆದರೆ ಬೆಳ್ಳಿ ನಿಲ್ಲುತ್ತದೆ. ಅಲೆಕ್ಸಾಂಡರ್ ಪಾರ್ಕ್ಸ್ 1850ರಲ್ಲಿ ಪೇಟೆಂಟ್ ಪಡೆದ ವಿಧಾನ ಇದು, ಇವತ್ತಿಗೂ ನಡೆಯುತ್ತಿದೆ. ತಾಮ್ರದ ಕಡೆ ಇನ್ನೂ ಸುಲಭ. ತಾಮ್ರವನ್ನು ವಿದ್ಯುತ್ತಿನಿಂದ ಶುದ್ಧ ಮಾಡುವಾಗ ತೊಟ್ಟಿಯ ತಳದಲ್ಲಿ ಕೆಸರು ಕೂರುತ್ತದೆ, ಬೆಳ್ಳಿ, ಚಿನ್ನ ಎರಡೂ ಅದರಲ್ಲೇ.

ಸ್ಮೆಲ್ಟರ್ ರಿಪೇರಿಗೆ ನಿಂತರೆ, ಕರೆಂಟು ದುಬಾರಿಯಾಗಿ ಉತ್ಪಾದನೆ ಇಳಿಸಿದರೆ, ಗಣಿ ಚೆನ್ನಾಗಿ ನಡೆಯುತ್ತಿದ್ದರೂ ಬೆಳ್ಳಿ ತಡವಾಗುತ್ತದೆ. ಮುಗಿದು ಹೋಗಿಲ್ಲ, ಗೋದಾಮಿನಲ್ಲಿ ಪುಡಿಯಾಗಿ ಕೂತಿದೆ, ಅಷ್ಟೇ ವ್ಯತ್ಯಾಸ.

7. ಗಣಿ ಯಾಕೆ ನಿಂತಿತು ಅಂತ ನೋಡಿ

ಗಣಿಗಳಲ್ಲಿ ಮೆಕ್ಸಿಕೋ ಮೊದಲು, ಅದರ ಹಿಂದೆ ಚೀನಾ, ಪೆರು. ಮೂರೂ ಸೇರಿದರೆ ಲೋಕದ ಬೆಳ್ಳಿಯ ಅರ್ಧದ ಹತ್ತಿರ. ಇಲ್ಲಿ ಏನಾದರೂ ಆದರೆ ಎಲ್ಲರಿಗೂ ತಟ್ಟುತ್ತದೆ. 2020ರಲ್ಲಿ ಕೋವಿಡ್ ಹೊತ್ತಿಗೆ ಮೆಕ್ಸಿಕೋ, ಪೆರು ಎರಡೂ ಗಣಿಗಳಿಗೆ ಕೆಲ ವಾರ ಬೀಗ ಹಾಕಿದವು. 2023ರಲ್ಲಿ ಮೆಕ್ಸಿಕೋದ ಪೆನ್ಯಾಸ್ಕಿಟೊ ಗಣಿಯಲ್ಲಿ ಮುಷ್ಕರ ಜೂನ್‌ನಲ್ಲಿ ಶುರುವಾಗಿ ಅಕ್ಟೋಬರ್‌ವರೆಗೆ ನಡೆಯಿತು. ಗ್ವಾಟೆಮಾಲಾದ ಎಸ್ಕೊಬಾಲ್ ಗಣಿ 2017ರಲ್ಲಿ ನಿಂತಿತು. ಅಲ್ಲಿನ ಶಿಂಕಾ ಮೂಲನಿವಾಸಿಗಳನ್ನು ಕೇಳದೆ ಅನುಮತಿ ಕೊಟ್ಟಿದ್ದೇ ವಿವಾದ, ಅವರೊಡನೆ ಸಮಾಲೋಚನೆ ಆಗಲೇಬೇಕು ಅಂತ ನ್ಯಾಯಾಲಯ ಹೇಳಿತು. ಅದಿರು ಅಲ್ಲೇ ಇದೆ, ಉತ್ತಮ ದರ್ಜೆಯದೇ.

ಮುಷ್ಕರವಾದರೆ ತಿಂಗಳ ಲೆಕ್ಕ. ಕೋರ್ಟು, ಅನುಮತಿ ಅಂದರೆ ವರ್ಷಗಳ ಲೆಕ್ಕ. ಹೊಸ ಗಣಿ ಅಂದರೆ ಪತ್ತೆಯಾದಾಗಿನಿಂದ ಉತ್ಪಾದನೆವರೆಗೆ ಹತ್ತು ವರ್ಷ ಹಿಡಿಯುವುದು ಮಾಮೂಲು. ಸುದ್ದಿ ಈ ಮೂರರಲ್ಲಿ ಯಾವುದು ಅಂತ ಗುರುತಿಸಿದರೆ ಸಾಕು.

8. 'ಕೊರತೆ' ಅಂದರೆ ಖಾಲಿ ಅಲ್ಲ

2021ರಿಂದ ಪ್ರತಿ ವರ್ಷ ಬೇಡಿಕೆ ಪೂರೈಕೆಗಿಂತ ಜಾಸ್ತಿ. 2024ರಲ್ಲಿ ಈ ಅಂತರ ಸುಮಾರು 15 ಕೋಟಿ ಔನ್ಸ್. ಹಾಗಾದರೆ ಕಾರ್ಖಾನೆಗಳು ಹೇಗೆ ನಡೆದವು? ಹಿಂದೆ ಕೂಡಿಟ್ಟದ್ದು ಹೊರಗೆ ಬಂತು. ಲಂಡನ್ ಕಪಾಟುಗಳಲ್ಲಿ, ಅಂದರೆ ಬೆಳ್ಳಿ ಕಾಯ್ದಿಡುವ ಭದ್ರ ಗೋದಾಮುಗಳಲ್ಲಿ, ಎಷ್ಟಿದೆ ಅಂತ ಅಲ್ಲಿನ ಚಿನ್ನ-ಬೆಳ್ಳಿ ವ್ಯಾಪಾರದ ಎಲ್‌ಬಿಎಂಎ ಸಂಘ ತಿಂಗಳಿಗೊಮ್ಮೆ ಹೇಳುತ್ತದೆ. ಆದರೆ ಅದರಲ್ಲಿ ದೊಡ್ಡ ಪಾಲು ಹೂಡಿಕೆ ನಿಧಿಗಳ ಹೆಸರಿನಲ್ಲಿ ಇರುತ್ತದೆ, ಅವರು ಮಾರಿದರೆ ಮಾತ್ರ ಕೈಗೆ ಸಿಗುತ್ತದೆ. 2025ರ ಅಕ್ಟೋಬರ್‌ನಲ್ಲಿ ಆದದ್ದು ಇದೇ. ಕಪಾಟಿನಲ್ಲಿ ಬೆಳ್ಳಿ ಇತ್ತು, ಕೊಡುವವರು ಇರಲಿಲ್ಲ. ಬೆಳ್ಳಿಯನ್ನು ಕಡ ಕೊಡುವ ಬಡ್ಡಿ ಗಗನಕ್ಕೇರಿತು, ನ್ಯೂಯಾರ್ಕ್‌ನಿಂದ ವಿಮಾನದಲ್ಲಿ ಗಟ್ಟಿಗಳನ್ನು ತರಿಸಬೇಕಾಯಿತು. ಇಷ್ಟು ಭಾರದ ಲೋಹಕ್ಕೆ ವಿಮಾನದ ಬಾಡಿಗೆ ಕೊಡುತ್ತಾರೆ ಅಂದರೆ ಎಷ್ಟು ಅವಸರ ಇತ್ತು ಅಂತ ಊಹಿಸಿ.

9. ಕಾರ್ಖಾನೆ ಎಂದು ಬೆಳ್ಳಿ ಬಿಡುತ್ತದೆ?

ಒಂದು ರಿಲೇಯಲ್ಲಿರುವ ಬೆಳ್ಳಿಯ ಬೆಲೆ ಇಡೀ ಯಂತ್ರದ ಬೆಲೆಯ ಮುಂದೆ ಏನೂ ಅಲ್ಲ. ರೇಟು ಏರಿತು ಅಂತ ಯಂತ್ರದವನು ಗುಂಡಿ ಬದಲಿಸಿ ಹೊಸ ಪರೀಕ್ಷೆಗಳ ತಲೆನೋವು ತಂದುಕೊಳ್ಳುವುದಿಲ್ಲ. ಸೋಲಾರ್ ಸೆಲ್ ಮಾಡುವವನ ಕತೆ ಉಲ್ಟಾ. ಅವನ ಖರ್ಚಿನಲ್ಲಿ ಬೆಳ್ಳಿ ಪೇಸ್ಟ್ ದೊಡ್ಡ ಬಾಬತ್ತು. ಅದಕ್ಕೇ ತಾಮ್ರದ ಪುಡಿಗೆ ಬೆಳ್ಳಿ ಲೇಪಿಸಿದ ಪೇಸ್ಟ್, ಬರೀ ತಾಮ್ರದ ಗೆರೆ ಎಲ್ಲವೂ ಅಲ್ಲಿಂದಲೇ ಬರುತ್ತಿವೆ.

ಬೆಳ್ಳಿ ಪೂರ್ತಿ ಜಾಗ ಖಾಲಿ ಮಾಡಿದ ಉದಾಹರಣೆಯೂ ಇದೆ. 1990ರ ದಶಕದ ಕೊನೆಗೆ ಫೋಟೋ ಫಿಲಂ, ಕಾಗದಕ್ಕೆ ವರ್ಷಕ್ಕೆ 20 ಕೋಟಿ ಔನ್ಸ್‌ಗೂ ಜಾಸ್ತಿ ಹೋಗುತ್ತಿತ್ತು. ಈಗ 3 ಕೋಟಿಗಿಂತ ಕಡಿಮೆ. ಬೆಳ್ಳಿ ದುಬಾರಿಯಾಯಿತು ಅಂತ ಅಲ್ಲ, ಡಿಜಿಟಲ್ ಕ್ಯಾಮೆರಾ ಬಂತು ಅಂತ.

10. ಈಗ ಒಂದು ಸುದ್ದಿ ಹಿಡಿದು ತೂಗಿ ನೋಡೋಣ

ಸ್ಯಾಮ್‌ಸಂಗ್‌ನ ಘನ ಬ್ಯಾಟರಿ (ಒಳಗೆ ದ್ರವದ ಬದಲು ಘನ ವಸ್ತು ಇರುವ ಸಾಲಿಡ್-ಸ್ಟೇಟ್ ಬ್ಯಾಟರಿ) ಬಂದರೆ ಕಾರೊಂದಕ್ಕೆ ಒಂದು ಕಿಲೋ ಬೆಳ್ಳಿ ಬೇಕು ಅನ್ನುವ ಲೆಕ್ಕ ಆನ್‌ಲೈನ್‌ನಲ್ಲಿ ಸುತ್ತುತ್ತಿದೆ. ಅದರ ಬೇರು ಸುಳ್ಳಲ್ಲ. 2020ರಲ್ಲಿ ಅವರ ಸಂಶೋಧಕರು ಬೆಳ್ಳಿ ಮತ್ತು ಇಂಗಾಲದ 5 ಮೈಕ್ರಾನ್ ಪದರ ಹಾಕಿದ ಬ್ಯಾಟರಿಯ ಪ್ರಬಂಧ ಪ್ರಕಟಿಸಿದ್ದರು. ಗುಣ ಯಾವುದು? ಲಿಥಿಯಂ ಒಂದೇ ಕಡೆ ಗುಪ್ಪೆಯಾಗದೆ ಸಮನಾಗಿ ಕೂರಲಿ ಅನ್ನುವುದು. ಕರೆಂಟಿನ ವಿಷಯ ಅಲ್ಲ, ಹಾಗಾಗಿ ತಾಮ್ರ ಹಾಕಿ ಕೈತೊಳೆದುಕೊಳ್ಳಲು ಆಗುವುದಿಲ್ಲ. ಇಷ್ಟು ಅವರ ಪರವಾಗಿ.

ಈಗ ಗ್ರಾಂ. ಒಂದು ಕೋಟಿ ಕಾರಿಗೆ ಒಂದೊಂದು ಕಿಲೋ ಅಂದರೆ 10,000 ಟನ್. ನಮ್ಮ 25,500 ಟನ್ ಪಕ್ಕ ಇಡಿ. ಎಲ್ಲಾ ಗಣಿಗಳ ಹತ್ತರಲ್ಲಿ ನಾಲ್ಕು ಪಾಲು ಒಂದೇ ಬಗೆಯ ಬ್ಯಾಟರಿ ನುಂಗಬೇಕು. ಐದನೇ ಹೆಜ್ಜೆ ನೆನಪಿಸಿಕೊಳ್ಳಿ, ಆ ಬೆಳ್ಳಿ ಕೊಡಲು ಸತು, ತಾಮ್ರದ ಗಣಿಗಳು ಹೊಸದಾಗಿ ತೆರೆಯುವುದಿಲ್ಲ. ಬ್ಯಾಟರಿ ಮಾಡುವವನು ಸೋಲಾರ್‌ನವನ ಜೊತೆ ಬಿಡ್ ಹಾಕಬೇಕು, ರೇಟು ಏರುತ್ತದೆ, ಏರಿದ ರೇಟು ಮೊದಲು ಹೊಡೆಯುವುದು ಆ ಬ್ಯಾಟರಿಯ ಖರ್ಚನ್ನೇ. ಒಂಬತ್ತನೇ ಹೆಜ್ಜೆಯ ಪ್ರಕಾರ ಇವನು ರಿಲೇಯವನಲ್ಲ, ಸೋಲಾರ್‌ನವನ ಜಾತಿ. ಪದರ ತೆಳು ಮಾಡುವ ದಾರಿ ಹುಡುಕುತ್ತಾನೆ, ಸಿಗದಿದ್ದರೆ ಆ ಬ್ಯಾಟರಿ ದುಬಾರಿ ಕಾರುಗಳಿಗಷ್ಟೇ ಸೀಮಿತವಾಗುತ್ತದೆ. ನನ್ನ ಅಂದಾಜು ಎರಡನೆಯದರ ಕಡೆ ವಾಲುತ್ತದೆ, ಯಾಕೆಂದರೆ ಕಡಿಮೆ ಖರ್ಚಿನ ಬೇರೆ ಬ್ಯಾಟರಿಗಳು ಆಗಲೇ ಮಾರುಕಟ್ಟೆಯಲ್ಲಿ ಓಡುತ್ತಿವೆ. ಮುಂದಿನ ಸಲ ಈ ಸುದ್ದಿ ಬಂದಾಗ ಕಾರಿನ ಸಂಖ್ಯೆ ಬಿಟ್ಟು, ಒಂದು ಕಿಲೋವ್ಯಾಟ್-ಗಂಟೆಗೆ ಎಷ್ಟು ಗ್ರಾಂ ಅಂತ ಬರೆದಿದ್ದಾರಾ ನೋಡಿ. ಅದು ಇಲ್ಲದಿದ್ದರೆ ಮುಂದೆ ಓದುವ ಕಷ್ಟ ತೆಗೆದುಕೊಳ್ಳಬೇಡಿ.